ಇಂದಿನ ಧಮ್ಮಚಿಂತನೆ: ರೋಗಿಯ ಪಕ್ಕದಲ್ಲಿ



ನಮ್ಮ ಬಳಗದ ಹುಡುಗಿಯೊಬ್ಬಳು ಸೋಮವಾರ ಆಸ್ಪತ್ರೆಯಲ್ಲಿ ನರ್ಸಿಂಗ್ ಸಹಾಯಕಿಯಾಗಿ ಸೇರಿದಳು. "ಓದ್ಸಿದ್ದು ಮತ್ತೆ ಹೇಲು ಬಾಚೋಕಾ ಮೇಷ್ಟ್ರೇ?" ಎಂದರು ತಾಯಿ. ತಲೆಮಾರುಗಳ ಸಿಟ್ಟದು.

ವಿನಯಪಿಟಕದ ಮಹಾವಗ್ಗದಲ್ಲಿ, ಅತಿಸಾರವಾಗಿ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಕುವಿನ ಪ್ರಸಂಗವಿದೆ. ಇವನಿಂದೇನು ಉಪಯೋಗವೆಂದು ಉಳಿದವರು ಬಿಟ್ಟಿದ್ದರು. ಬುದ್ಧರು ನೀರು ಹೊಯ್ದರು, ಆನಂದರು ತೊಳೆದರು. ತಲೆಕಡೆ ಬುದ್ಧರು, ಕಾಲುಕಡೆ ಆನಂದರು ಹಿಡಿದು ಮಂಚಕ್ಕೆ ಎತ್ತಿದರು. ಇದಕ್ಕೆಂದೇ ಒಂದು ಜಾತಿಯವರನ್ನು ಕರೆಸಲಿಲ್ಲ! ಒಳ್ಳೆಯ ಶುಶ್ರೂಷಕರ 5 ಗುಣಗಳಲ್ಲಿ ಹೇಸದಿರುವುದೂ ಒಂದೆಂದರು. ಆದರೆ ಮೊದಲು ಹೇಳಿದ್ದು ಔಷಧ ಸಿದ್ಧಮಾಡುವ ತಿಳಿವಳಿಕೆ.

ಹೇಸಬೇಡ ಮಗಳೇ. ಗ್ಲೌಸ್ ಕೇಳಿ ತೊಡು. ನಾಡಿ, ಜ್ವರ ನೋಡುವುದನ್ನೂ ಕಲಿ. ಬೆಡ್‌ಪ್ಯಾನ್ ಎತ್ತಲು ನಿನ್ನೊಬ್ಬಳನ್ನೇ ಕರೆಯುತ್ತಿದ್ದರೆ, ಡ್ಯೂಟಿ ಪಟ್ಟಿ ತೋರಿಸಿ ಎಂದು ಕೇಳು.