ಮಗುವಿನ ನೋವು, ನಮ್ಮ ಸಹನೆ

"ಸ್ವಲ್ಪ ತಾಳಿಕೋ ಮಗಾ, ಗಂಡುಮಕ್ಕಳು ಅಳುತ್ತಾರಾ?" ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನಾವೆಲ್ಲ ಕೇಳಿರುವ ಮಾತಿದು. ಹರ್ನಿಯಾದ ಹೊಲಿಗೆ ಹಾಕಿಸಿಕೊಂಡೋ ಟಾನ್ಸಿಲ್ ತೆಗೆಸಿಕೊಂಡೋ ಮಲಗಿರುವ ಐದು ವರ್ಷದ ಹುಡುಗನಿಗೆ ನಾವು ಸಹನೆಯನ್ನು ಬೋಧಿಸುತ್ತೇವೆ.

ಸಹನೆ ಸತ್ಯವಿಶ್ವಾಸಿಯ ದೊಡ್ಡ ಗುಣ, ನಿಜ. ಆದರೆ ಅದು ಕಷ್ಟವನ್ನು ಅರಿತು ತಾನಾಗಿ ತಾಳುವವನ ಗುಣ. ಪ್ರಾಯಕ್ಕೆ ಬರುವವರೆಗೆ ನಮಾಝ್, ಉಪವಾಸಗಳನ್ನೇ ಮಗುವಿಗೆ ಕಡ್ಡಾಯ ಮಾಡದ ಧರ್ಮವು ನೋವು ತಾಳುವುದನ್ನು ಕಡ್ಡಾಯ ಮಾಡೀತೇ? ದೀರ್ಘವಾಗಿ ನಮಾಝ್ ಮಾಡಬೇಕೆಂದು ನಿಂತ ಪ್ರವಾದಿಯವರು(ಸ) ಮಗುವಿನ ಅಳು ಕೇಳಿಸಿದೊಡನೆ, ಅದರ ತಾಯಿಯ ಸಂಕಟವನ್ನು ನೆನೆದು ಅದನ್ನು ಚುಟುಕಾಗಿಸುತ್ತಿದ್ದರು. ಇನ್ನೊಬ್ಬರ ನೋವನ್ನು ನಾವು ತಾಳಿಕೊಂಡು ಕೂರುವುದಕ್ಕೆ ಸಹನೆಯೆಂಬ ಹೆಸರು ಸಲ್ಲದು.

ಈ ತಪ್ಪು ಓದುಬರಹ ಬಾರದವರದ್ದು ಮಾತ್ರವಲ್ಲ. 1980ರ ದಶಕದಲ್ಲೂ ಅಮೆರಿಕ, ಬ್ರಿಟನ್ನಿನ ಅನೇಕ ವೈದ್ಯರು ಎಳೆಗೂಸಿಗೆ ನೋವು ಅಷ್ಟಾಗಿ ತಿಳಿಯದು, ಬಲವಾದ ಅರಿವಳಿಕೆಯೇ ಅದಕ್ಕೆ ಅಪಾಯ ಎಂದು ನಂಬಿದ್ದರು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧಿಯನ್ನೂ ನೈಟ್ರಸ್ ಆಕ್ಸೈಡನ್ನೂ ಮಾತ್ರ ಕೊಟ್ಟು ಎದೆ ತೆರೆದದ್ದುಂಟು. ಕೂಸು ಅಲುಗಾಡುವಂತಿರಲಿಲ್ಲ, ಅಳುವಂತಿರಲಿಲ್ಲ. ನೋವಿಲ್ಲವೆಂದು ತಿಳಿಯಲು ಅಷ್ಟು ಸಾಕಾಯಿತು! 1987ರಲ್ಲಿ ಆಕ್ಸ್‌ಫರ್ಡ್‌ನಿಂದ ಭಾರತೀಯ ಮೂಲದ ಡಾ. ಕೆ. ಜೆ. ಎಸ್. ಆನಂದ್ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು. ಜೊತೆಗೆ ಫೆಂಟನಿಲ್ ಎಂಬ ನೋವುನಿವಾರಕವನ್ನೂ ಪಡೆದ ಶಿಶುಗಳಲ್ಲಿ ಒತ್ತಡದ ಹಾರ್ಮೋನುಗಳು ಅಷ್ಟಾಗಿ ಏರಲಿಲ್ಲ, ಶಸ್ತ್ರಕ್ರಿಯೆಯ ನಂತರದ ತೊಂದರೆಗಳೂ ಕಡಿಮೆಯಾದವು. ನಿವಾರಿಸದ ನೋವು ಮಗುವಿಗೆ ಕೆಡುಕನ್ನೇ ಮಾಡುತ್ತದೆಂದು ಆಗ ಸ್ಪಷ್ಟವಾಯಿತು.

ಇಂದು ಮಾತು ಬಾರದ ಮಗುವಿನ ಮುಖ, ಕಾಲಿನ ಚಲನೆ, ಅಳುಗಳನ್ನು ನೋಡಿ ನೋವನ್ನು ಅಳೆಯುವ ಕ್ರಮಗಳಿವೆ. ಪ್ಯಾರಾಸಿಟಮಾಲನ್ನು ತೂಕಕ್ಕೆ ತಕ್ಕಂತೆ, ಮಗು ಚೀರುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ಕೊಡಿಸುತ್ತಾರೆ. ಎಚ್ಚರ ಬೇಕಾದ ಔಷಧಿಗಳೂ ಇವೆಯೆನ್ನಿ. ಕೆಲವು ಮಕ್ಕಳ ದೇಹದಲ್ಲಿ ಕೊಡೀನ್ ಬಹುಬೇಗ ಮಾರ್ಫಿನ್ ಆಗಿ ಉಸಿರಾಟವನ್ನೇ ಕುಗ್ಗಿಸುವುದರಿಂದ, 12 ವರ್ಷದೊಳಗಿನವರಿಗೆ ಅದನ್ನು ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಸೂಚಿಸಿದರು. ಔಷಧಿಯನ್ನು ಆರಿಸುವುದು ವೈದ್ಯರ ಕೆಲಸ.

ಎಡವುವುದು ನಾವು, ಮನೆಗೆ ಬಂದ ಮೇಲೆ. "ಮದ್ದು ಉಷ್ಣ", "ಅಭ್ಯಾಸವಾದೀತು" ಎಂದು ಬರೆದುಕೊಟ್ಟದ್ದನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ. ನಮ್ಮ ಹಲ್ಲುನೋವಿಗಾದರೆ ರಾತ್ರಿಯಲ್ಲೂ ಮೆಡಿಕಲ್ ಅಂಗಡಿ ಹುಡುಕುತ್ತೇವೆ. ಮುಂಜಿಯಾದ ಹುಡುಗ ಅದೇ ರಾತ್ರಿ ಮೂತ್ರಕ್ಕೆ ಹೆದರಿ ನೀರನ್ನೇ ಕುಡಿಯದೆ ಮಲಗಿದರೆ, ಇವನೆಷ್ಟು ಜಾಣ, ಅಳಲೇ ಇಲ್ಲ ಎಂದು ನೆಂಟರ ಮುಂದೆ ಹೊಗಳುತ್ತೇವೆ.