ಮುನಿಸಿನಲ್ಲೂ ತೀರಿಸಿದ ಸಾಲ

ಕೂಡಿ ಬಾಳುವುದು ಹೇಗೆಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಮನಸ್ಸು ಮುರಿದ ಮೇಲೆ ಬೇರೆಯಾಗುವುದು ಹೇಗೆಂದು ಹೇಳಿಕೊಡುವವರು ಮಾತ್ರ ಕಡಿಮೆ. ಅಮೆರಿಕದ ‘ಅಂಕಲ್ ಟುಪೆಲೊ’ ಎಂಬ ಬ್ಯಾಂಡಿನ ಕಥೆಯಲ್ಲಿ ಆ ಪಾಠವಿದೆ.

ಇಲಿನಾಯ್ ರಾಜ್ಯದ ಬೆಲ್‌ವಿಲ್, ಸೇಂಟ್ ಲೂಯಿಸ್ ನಗರದಿಂದ ಮಿಸಿಸಿಪಿ ನದಿ ದಾಟಿದರೆ ಸಿಗುವ ಊರು. ಹಿಂದೆ ಕಲ್ಲಿದ್ದಲು ಗಣಿಗಳಿದ್ದ ಸೀಮೆ. ಹೈಸ್ಕೂಲಿನಿಂದಲೂ ಗೆಳೆಯರಾಗಿದ್ದ ಜೇ ಫರಾರ್ ಮತ್ತು ಜೆಫ್ ಟ್ವೀಡಿ, ಡ್ರಮ್ ಬಾರಿಸುವ ಮೈಕ್ ಹೈಡಾರ್ನ್ ಜೊತೆ ಸೇರಿ 1987ರಲ್ಲಿ ಅಲ್ಲಿ ಈ ಬ್ಯಾಂಡ್ ಕಟ್ಟಿದರು. ಪಂಕ್ ರಾಕ್‌ನ ಅಬ್ಬರಕ್ಕೆ ಅಜ್ಜಂದಿರ ಕಾಲದ ಕಂಟ್ರಿ ಹಾಡುಗಳನ್ನು ಜೋಡಿಸಿದ್ದು ಇವರ ವಿಶೇಷ. ಕಿವಿ ಗಡಚಿಕ್ಕುವ ಗಿಟಾರ್ ಥಟ್ಟನೆ ನಿಂತು, ದುಡಿದು ದಣಿದವನೊಬ್ಬನ ಸಂಕಟ ಮೆಲುದನಿಯಲ್ಲಿ ಕೇಳಿಸುತ್ತಿತ್ತು.

1990ರಲ್ಲಿ ಬಂದ ಮೊದಲ ಆಲ್ಬಂ ‘ನೋ ಡಿಪ್ರೆಶನ್’. ಆ ಹೆಸರಿನ ಹಾಡನ್ನು ಕಾರ್ಟರ್ ಫ್ಯಾಮಿಲಿ ತಂಡ 1936ರಲ್ಲಿ, ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಹಾಡಿತ್ತು. ಮೂರನೆಯ ಆಲ್ಬಂ ಮುಗಿದದ್ದು ಬರೇ ಐದು ದಿನಗಳಲ್ಲಿ. ‘ಮಾರ್ಚ್ 16–20, 1992’ ಎಂದು ಧ್ವನಿಮುದ್ರಣದ ತಾರೀಖನ್ನೇ ಅದಕ್ಕೆ ಹೆಸರಾಗಿಟ್ಟರು. ಆರ್.ಇ.ಎಂ. ಬ್ಯಾಂಡಿನ ಪೀಟರ್ ಬಕ್ ನಿರ್ಮಾಪಕ. ಗಣಿ ಕಾರ್ಮಿಕರ ಹಾಡುಗಳು, ಹಳೆಯ ಭಕ್ತಿಗೀತೆಗಳು, ವಿದ್ಯುತ್ತಿನ ಹಂಗಿಲ್ಲದ ಗಿಟಾರುಗಳು. ರಾಕ್ ಮಾರುಕಟ್ಟೆ ಕೇಳುತ್ತಿದ್ದ ಸರಕೇ ಅಲ್ಲ ಅದು. ಆದರೂ ದೊಡ್ಡ ಕಂಪನಿಯೊಂದು ಮುಂದೆ ಬಂದು 1993ರಲ್ಲಿ ‘ಅನೊಡೈನ್’ ಹೊರತಂದಿತು.

ಒಳ್ಳೆಯ ಕಾಲ ಬಂತು ಎನ್ನುವ ಹೊತ್ತಿಗೆ ಸಂಬಂಧ ಹಳಸಿತ್ತು. ಹಾಡು ಬರೆಯುವವರು ಇಬ್ಬರು, ಹಾಡುವವರೂ ಅವರೇ; ಮಾತು ನಿಂತುಹೋಗಿತ್ತು. 1994ರ ಜನವರಿಯಲ್ಲಿ ಫರಾರ್ ತಾನು ಬಿಡುತ್ತೇನೆಂದ. ಅದನ್ನೂ ಹೇಳಿದ್ದು ಮ್ಯಾನೇಜರ್ ಟೋನಿ ಮಾರ್ಗರೀಟಾಗೆ. ಬಾಲ್ಯದ ಗೆಳೆಯನ ನಿರ್ಧಾರ ಮೂರನೆಯವರ ಬಾಯಿಂದ ಕಿವಿಗೆ ಬಿದ್ದಾಗ ಟ್ವೀಡಿ ಕೆಂಡಾಮಂಡಲವಾದ.

ಅಲ್ಲಿಗೇ ಬಾಗಿಲು ಹಾಕಬಹುದಿತ್ತು. ಆದರೆ ಬ್ಯಾಂಡಿಗಾಗಿ ಮ್ಯಾನೇಜರ್ ದೊಡ್ಡ ಮೊತ್ತದ ಸಾಲ ಮಾಡಿಕೊಂಡಿದ್ದ. ನಂಬಿದವನನ್ನು ನಡುನೀರಿನಲ್ಲಿ ಕೈಬಿಡಬಾರದೆಂದು ಇಬ್ಬರೂ ಕೊನೆಯದೊಂದು ಪ್ರವಾಸಕ್ಕೆ ಒಪ್ಪಿದರು. ಪ್ರವಾಸವೇನೂ ಸುಖವಾಗಿ ಸಾಗಲಿಲ್ಲ. ಟ್ವೀಡಿಯ ಹಾಡುಗಳಿಗೆ ಫರಾರ್ ದನಿಗೂಡಿಸಲಿಲ್ಲ. ಜಗಳ ಕೈಕೈ ಮಿಲಾಯಿಸುವವರೆಗೂ ಹೋಯಿತು. ಆದರೂ ಊರಿಂದೂರಿಗೆ ಹೋಗಿ ನುಡಿಸಿದರು. 1994ರ ಮೇ 1ರಂದು ಸೇಂಟ್ ಲೂಯಿಸ್‌ನ ‘ಮಿಸಿಸಿಪಿ ನೈಟ್ಸ್’ ಎಂಬಲ್ಲಿ ಕಡೆಯ ಕಛೇರಿ. ಸಂಸಾರಕ್ಕಾಗಿ ಎರಡು ವರ್ಷ ಹಿಂದೆಯೇ ಬ್ಯಾಂಡ್ ಬಿಟ್ಟಿದ್ದ ಹೈಡಾರ್ನ್ ಕೂಡ ಅಂದು ವೇದಿಕೆಗೆ ಬಂದು ಡ್ರಮ್ ಬಾರಿಸಿದ.

ಏಳು ವರ್ಷ, ನಾಲ್ಕು ಆಲ್ಬಂ. ಮುಂದೆ ನಡೆದದ್ದೇ ಹೆಚ್ಚು. ಫರಾರ್ ‘ಸನ್ ವೋಲ್ಟ್’ ಕಟ್ಟಿದ. ಬ್ಯಾಂಡಿನಲ್ಲಿ ಆಗ ಉಳಿದಿದ್ದ ಇತರ ವಾದಕರನ್ನು ಸೇರಿಸಿಕೊಂಡು ಟ್ವೀಡಿ ‘ವಿಲ್ಕೊ’ ಶುರುಮಾಡಿದ. 1995ರಲ್ಲಿ ಎರಡೂ ಬ್ಯಾಂಡ್‌ಗಳ ಮೊದಲ ಆಲ್ಬಂಗಳು ಬಂದವು. ಅದೇ ವರ್ಷ ಸಿಯಾಟಲ್‌ನಲ್ಲಿ ಹುಟ್ಟಿದ ಸಂಗೀತ ಪತ್ರಿಕೆಯೊಂದು ‘ನೋ ಡಿಪ್ರೆಶನ್’ ಎಂದೇ ಹೆಸರಿಟ್ಟುಕೊಂಡಿತು; ಆಲ್ಟರ್ನೇಟಿವ್ ಕಂಟ್ರಿ ಎಂಬ ಇಡೀ ಪ್ರಕಾರಕ್ಕೇ ಆ ಹೆಸರು ಅಂಟಿಕೊಂಡಿತು. 2000ದಲ್ಲಿ ಫರಾರ್, ಟ್ವೀಡಿ, ಹೈಡಾರ್ನ್ ಮೂವರೂ ಒಟ್ಟಾಗಿ ಬಾಕಿ ರಾಯಧನಕ್ಕೆ ಮೊದಲ ಮೂರು ಆಲ್ಬಂಗಳನ್ನು ಹೊರತಂದಿದ್ದ ಕಂಪನಿಯ ಮೇಲೆ ದಾವೆ ಹೂಡಿ, ಅವುಗಳ ಹಕ್ಕನ್ನು ಪಡೆದುಕೊಂಡರು. ಒಟ್ಟಿಗೆ ಹಾಡಲಾಗದವರಿಗೂ ಒಟ್ಟಿಗೆ ನ್ಯಾಯ ಕೇಳಲು ಅಡ್ಡಿಯಾಗಲಿಲ್ಲ.

ಅವರು ರಾಜಿಯಾದರು, ಅಪ್ಪಿಕೊಂಡರು ಎಂದಿದ್ದರೆ ಇದೊಂದು ಸಿನಿಮಾ ಕಥೆ. ಹಾಗೇನೂ ಆಗಲಿಲ್ಲ. ಕೋಪ ಕೋಪವಾಗಿಯೇ ಇತ್ತು, ಸಾಲದ ಹೊಣೆ ಬೇರೆಯಾಗಿತ್ತು. ಅವರು ಒಂದನ್ನು ನೆಪಮಾಡಿ ಇನ್ನೊಂದರಿಂದ ನುಣುಚಿಕೊಳ್ಳಲಿಲ್ಲ. ನಮ್ಮಲ್ಲಿ ಅಂಗಡಿಯ ಪಾಲುದಾರಿಕೆಗಳು, ಅಣ್ಣತಮ್ಮಂದಿರ ಮನೆಗಳು, ಸಂಘಸಂಸ್ಥೆಗಳು ಒಡೆಯುವಾಗ ತಪ್ಪಿಹೋಗುವುದು ಇದೇ. ಯಾರು ಸರಿ, ಯಾರು ತಪ್ಪು ಎಂಬ ಗಲಾಟೆಯಲ್ಲಿ ಜಾಮೀನು ನಿಂತವನು, ಸಂಬಳಕ್ಕೆ ಕಾದವನು ಬಡವಾಗುತ್ತಾನೆ.

ಬೇರೆಯಾಗಲೇಬೇಕಾದರೆ ಆಗಿ. ಆದರೆ ಪಾಲು ಹಂಚಿಕೊಳ್ಳುವ ಮೊದಲು ಸಾಲದ ಪಟ್ಟಿ ತೆಗೆಯಿರಿ. ನಿಮ್ಮಿಬ್ಬರನ್ನೂ ನಂಬಿದವರ ಬಾಕಿಯನ್ನು ಮೊದಲು ಚುಕ್ತಾ ಮಾಡಿ. ಜಗಳವಾಡಲು ಆಮೇಲೂ ಸಮಯ ಇದ್ದೇ ಇರುತ್ತದೆ.