ಹೊಳೆಗೆ ಬಿಟ್ಟ ಪುಣ್ಯ

ಮೂರು ವರ್ಷದ ಹಿಂದೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೋ ಬಂತು. ಸಂಸೆಯ ನಮ್ಮ ಹುಡುಗರು ಭದ್ರಾ ಹೊಳೆಯ ದಡದಲ್ಲಿ ನಿಂತು, ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲ ಬಿಚ್ಚಿ ಮೀನುಮರಿ ಬಿಡುತ್ತಿದ್ದರು. ಹೊಳೆಯಲ್ಲಿ ಮೀನೇ ಉಳಿದಿಲ್ಲ, ತೋಟೆ ಹಾಕಿ, ಬ್ಲೀಚಿಂಗ್ ಪೌಡರ್ ಹಾಕಿ ಎಲ್ಲ ಮುಗಿಸಿದ್ದಾರೆ, ನಾವಾದ್ರೂ ಒಂದಿಷ್ಟು ವಾಪಸ್ ಕೊಡೋಣ ಅಂತ ಶುರುವಾದ ಕೆಲಸ ಅದು. ನಾನೂ ಬೆಂಗಳೂರಲ್ಲಿ ಕೂತು 3 ಸಾವಿರ ರೂಪಾಯಿ ಗೂಗಲ್ ಪೇ ಮಾಡಿದ್ದೆ. ವಿಡಿಯೋ ನೋಡಿ ಕಣ್ಣು ತುಂಬಿ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಕೇಳಿದ್ದು ಒಂದೇ ಮಾತು: "ಅದು ಎಂತ ಮೀನು ಮಾರಾಯಾ?"

ನನಗೆ ಗೊತ್ತಿರಲಿಲ್ಲ. ಹುಡುಗರನ್ನು ಕೇಳಿದೆ. ಒಬ್ಬ ಗೆಂಡೆ ಅಂದ, ಇನ್ನೊಬ್ಬ ಕಾಟ್ಲಾ ಇರಬೇಕು ಅಂದ. ಮಾರಿದವನು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. "ಹಂಗಾದ್ರೆ ನೆಂಟರು ಯಾರು ಅಂತ ಕೇಳದೆ ಮನೆ ಒಳಗೆ ಬಿಟ್ಕೊಂಡಂಗಾಯ್ತು" ಅಂದರು ಅಪ್ಪ. ನನಗೆ ಸಿಟ್ಟು ಬಂತು. ಒಳ್ಳೆ ಕೆಲಸ ಮಾಡಿದರೂ ಇವರದ್ದೊಂದು ತಕರಾರು ಅಂದುಕೊಂಡೆ.

ಆ ಸಿಟ್ಟಿನಲ್ಲೇ ಓದಲು ಶುರು ಮಾಡಿದ್ದು. ಅಪ್ಪ ಹೇಳಿದ್ದು ತಪ್ಪು ಅಂತ ತೋರಿಸಬೇಕಿತ್ತು. ಓದುತ್ತಾ ಹೋದಂತೆ ಸಿಕ್ಕಿದ್ದು ಕಾವೇರಿಯ ಕತೆ.

ಕಾವೇರಿ ಕಣಿವೆಯಲ್ಲಿ ಬೆನ್ನು ಡುಬ್ಬವಾಗಿರುವ, ಕಿತ್ತಳೆ ರೆಕ್ಕೆಯ ಒಂದು ಮಹಶೀರ್ ಇದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೋ. ಇಷ್ಟು ಪ್ರಸಿದ್ಧ ಮೀನಿಗೆ ವಿಜ್ಞಾನದಲ್ಲಿ ಒಂದು ಖಚಿತ ಹೆಸರು ಸಿಕ್ಕಿದ್ದು 2018ರಲ್ಲಿ. ಕೇರಳದ ಪಂಬಾರ್ ನದಿಯಿಂದ ಮೊದಲೇ ಹೆಸರಿಸಿದ್ದ 'ಟಾರ್ ರೆಮಾದೇವಿ' ಎಂಬ ಜಾತಿಯೂ ಇದೂ ಒಂದೇ ಅಂತ ಸಂಶೋಧಕರು ಆ ವರ್ಷ ತೋರಿಸಿಕೊಟ್ಟರು. ಅದೇ ವರ್ಷ ಅದು ಅಳಿವಿನ ಅಂಚಿನ ಕೆಂಪು ಪಟ್ಟಿಗೂ ಸೇರಿತು. ಹೆಸರೇ ಇಲ್ಲದಿದ್ದರೆ ಪಟ್ಟಿಗೆ ಸೇರಿಸುವುದು ಹೇಗೆ?

ಈ ನಡುವೆ ಆದದ್ದೇನು ಅಂದರೆ, 1970ರ ದಶಕದಿಂದ ಟಾಟಾ ಪವರ್‌ನವರು ಲೋನಾವಳದಲ್ಲಿ ನೀಲಿ ರೆಕ್ಕೆಯ ಮಹಶೀರ್‌ನ ಮರಿ ಮಾಡಿಸುತ್ತಾ ಬಂದರು. ಅಣೆಕಟ್ಟಿನಿಂದ ಮೀನಿಗೆ ಆದ ನಷ್ಟ ತುಂಬಿಕೊಡಬೇಕು ಅನ್ನುವ ಒಳ್ಳೆಯ ಯೋಚನೆ. ಆ ಮರಿಗಳು ಕಾವೇರಿಗೂ ಬಂದವು. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಬಿಡೋಣ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಎರಡೂ ಬೇರೆ ಬೇರೆ ಜಾತಿ ಅನ್ನುವುದು ಲೆಕ್ಕದಲ್ಲಿ ಇರಲಿಲ್ಲ.

ಗಾಲಿಬೋರೆ ಕ್ಯಾಂಪಿನಲ್ಲಿ ಗಾಳ ಹಾಕಿ ಮೀನು ಹಿಡಿದು ಮತ್ತೆ ಬಿಡುತ್ತಿದ್ದವರ ದಾಖಲೆ ಪುಸ್ತಕಗಳಿದ್ದವು. 1998ರಿಂದ 2012ರವರೆಗಿನ ಆ ದಾಖಲೆ ಹಿಡಿದು 2015ರಲ್ಲಿ ಸಂಶೋಧಕರು ಒಂದು ಪ್ರಬಂಧ ಬರೆದರು. ನೀಲಿ ರೆಕ್ಕೆಯವು ಏರುತ್ತಾ ಹೋಗಿದ್ದವು. ಡುಬ್ಬದ ಮೀನು ಇಳಿಯುತ್ತಾ ಹೋಗಿ, ಕೊನೆಕೊನೆಗೆ ಸಿಕ್ಕಿದ್ದೆಲ್ಲ ದೊಡ್ಡವೇ. ಮರಿಗಳಿಲ್ಲ. ಬರೀ ಮುದುಕರೇ ಇರುವ ಊರಿನ ಹಾಗೆ. ಇದಕ್ಕೆ ನೀಲಿ ರೆಕ್ಕೆ ಒಂದೇ ಕಾರಣ ಅಂತ ಹೇಳುವುದು ಅನ್ಯಾಯ. ಅಣೆಕಟ್ಟು, ಮರಳು ತೆಗೆಯುವುದು, ತೋಟೆ ಎಲ್ಲ ಇವೆ. ಆದರೆ ಹೊರಗಿನಿಂದ ತಂದು ಬಿಟ್ಟ ಮೀನೂ ಆ ಅನುಮಾನದ ಸಾಲಿನಲ್ಲಿ ಮುಂದೆಯೇ ನಿಂತಿದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಆ ನೀಲಿ ರೆಕ್ಕೆಯ ಮೀನು ಕೃಷ್ಣಾ ಕಣಿವೆಯದ್ದು. ನಮ್ಮ ಭದ್ರಾ ಸೇರುವುದೂ ಅಲ್ಲಿಗೇ, ತುಂಗಭದ್ರೆಯಾಗಿ. ಹೇಮಾವತಿ ಹುಟ್ಟುವುದು ಅದೇ ಮೂಡಿಗೆರೆ ಸೀಮೆಯ ಜಾವಳಿಯಲ್ಲಿ, ಅದು ಹೋಗುವುದು ಕಾವೇರಿಗೆ. ಗುಡ್ಡದ ಈಚೆ ಬಿದ್ದ ಮಳೆಯಲ್ಲಿ ಮನೆಯ ಮಗನಾದ ಮೀನು, ಆಚೆ ಬಿದ್ದ ಮಳೆಯಲ್ಲಿ ಅತಿಕ್ರಮಣಕಾರ. ಮೀನು ಅದೇ, ನಾವು ಅದನ್ನು ಹೊತ್ತು ದಾಟಿಸಿದ್ದಷ್ಟೇ ವ್ಯತ್ಯಾಸ.

ಹಾಗಾದರೆ ತಿಳಿಯದೆ ಮಾಡಿದ್ದು ತಪ್ಪೇ? ಮನಸ್ಸು ಶುದ್ಧ ಇದ್ದರೆ ಸಾಕು ಅಂತ ನಾವೆಲ್ಲ ಕಲಿತು ಬೆಳೆದವರು. ಕಾವೇರಿಗೆ ಮರಿ ಬಿಟ್ಟವರನ್ನು ನಾನು ಬಯ್ಯಲಾರೆ. ಆ ಮೀನುಗಳ ಜಾತಿ ಆಗ ತಜ್ಞರಿಗೇ ಬಗೆಹರಿದಿರಲಿಲ್ಲ. ಗೊತ್ತಾಗಲು ಸಾಧ್ಯವೇ ಇಲ್ಲದ್ದು ಒಂದು, ಕೇಳಿದ್ದರೆ ಗೊತ್ತಾಗುತ್ತಿದ್ದದ್ದು ಇನ್ನೊಂದು. ನನ್ನದು ಎರಡನೆಯದು. ಕಾಟ್ಲಾ ಗಂಗೆಯ ಕಡೆಯ ಮೀನು, ಗೆಂಡೆ ಪರದೇಶದ್ದು, ತಳದ ಕೆಸರು ಕೆದಕುವಂಥದ್ದು. ಇದು ಐದು ನಿಮಿಷದ ಹುಡುಕಾಟಕ್ಕೆ ಸಿಗುವ ವಿಷಯ. ಆಫೀಸಿನಲ್ಲಿ ಒಂದು ಸಾಲು ಕೋಡ್ ಬದಲಾಯಿಸಲು ಇಬ್ಬರ ರಿವ್ಯೂ ಕೇಳುವ ನಾನು, ರೋಲ್‌ಬ್ಯಾಕ್ ಇಲ್ಲದ ಹೊಳೆಗೆ ಏನು ಬೀಳುತ್ತಿದೆ ಅಂತ ಕೇಳಲಿಲ್ಲ. ಯಾಕೆ? ನನಗೆ ಬೇಕಿದ್ದದ್ದು ಮೀನಲ್ಲ, ಊರಿಗೆ ಏನೋ ಮಾಡಿದೆ ಅನ್ನುವ ನೆಮ್ಮದಿ. ಅದು ದುಡ್ಡು ಕಳಿಸಿದ ಕ್ಷಣದಲ್ಲೇ ಸಿಕ್ಕಿಬಿಟ್ಟಿತ್ತು.

ಹಂಗೇರಿಯ ವಿಜ್ಞಾನಿಗಳ ಕತೆ ನೀವೂ ಓದಿರಬಹುದು. ಸ್ಟರ್ಜನ್ ಎಂಬ ಮೀನಿನ ಮೊಟ್ಟೆಯ ಮೇಲೆ ಪ್ರಯೋಗ ಮಾಡುವಾಗ ಅಮೆರಿಕದ ಪ್ಯಾಡಲ್‌ಫಿಶ್‌ನ ವೀರ್ಯ ಬಳಸಿದರು, ಎರಡೂ ಕೂಡಿ ಮರಿಯಾಗುವುದಿಲ್ಲ ಅನ್ನುವ ನಂಬಿಕೆಯಲ್ಲಿ. 18 ಕೋಟಿ ವರ್ಷಗಳ ಹಿಂದೆಯೇ ಬೇರೆಯಾದ ವಂಶಗಳು. ಮರಿಗಳಾದವು! 2020ರಲ್ಲಿ ಅದು ಸುದ್ದಿಯಾಯಿತು. ಎಲ್ಲಕ್ಕೂ ಚೀಟಿ ಅಂಟಿಸಿ ಕೆಲಸ ಮಾಡುವವರೂ ಎಡವುತ್ತಾರೆ. ಆದರೆ ಅವರ ತಪ್ಪು ತೊಟ್ಟಿಯಲ್ಲೇ ಉಳಿಯಿತು.

ಇದಕ್ಕೆ ಒಂದು ಎದುರು ಮಾತಿದೆ, ಅದನ್ನು ನನ್ನ ಗೆಳೆಯನೇ ಹೇಳಿದ. "ಎಲ್ಲ ತಿಳ್ಕೊಂಡೇ ಮಾಡ್ಬೇಕು ಅಂದ್ರೆ ಯಾರೂ ಎಂತದೂ ಮಾಡುದಿಲ್ಲ. ತೋಟೆ ಹಾಕುವವ್ನು ಮಾತ್ರ ಕಾಯ್ದೆ ಮಾಡ್ತಾನೆ." ಈ ಮಾತನ್ನು ತಳ್ಳಿಹಾಕಲು ನನಗೆ ಆಗುತ್ತಿಲ್ಲ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನು ಉಳಿದದ್ದು ಯಾರೋ ಮರಿ ತಂದು ಬಿಟ್ಟದ್ದರಿಂದಲ್ಲ, ಯಾರೂ ಹಿಡಿಯದೆ ಇದ್ದದ್ದರಿಂದ. ಆದರೆ ಸುಮ್ಮನಿರುವುದೂ ಪೂರ್ತಿ ಉತ್ತರವಲ್ಲ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿದಾಗ ಭಕ್ತಿ ಅದನ್ನು ತಡೆಯಲಿಲ್ಲ. ಸತ್ತ ಮೀನುಗಳಿಗೆ ಅಲ್ಲೊಂದು ಸ್ಮಾರಕವಿದೆ.

ನನಗೆ ಈಗ ಅನ್ನಿಸುವುದು ಇಷ್ಟು. ಕಾವೇರಿಯಲ್ಲಿ ಆ ಡುಬ್ಬದ ಮೀನಿಗೆ ಉಪಕಾರವಾದದ್ದು ಮೋಜಿಗೆ ಗಾಳ ಹಾಕಿದವರಿಂದ. ಅವರ ಉದ್ದೇಶ ಪುಣ್ಯದ್ದಲ್ಲ. ಆದರೆ ಯಾವ ಮೀನು, ಎಷ್ಟು ತೂಕ, ಯಾವತ್ತು ಅಂತ ಹದಿನಾಲ್ಕು ವರ್ಷ ಬರೆದಿಟ್ಟರು. ಮಾಡುವ ಮೊದಲು ಎಲ್ಲ ತಿಳಿದಿರಬೇಕಿಲ್ಲ. ಆದರೆ ಎದುರಿಗಿರುವುದು ಏನು ಅಂತ ನೋಡುವ ತಾಳ್ಮೆಯೂ ಇಲ್ಲದ ಪ್ರೀತಿ, ಪ್ರೀತಿಸಿದವನಿಗಷ್ಟೇ ಸುಖ ಕೊಡುತ್ತದೆ.

ಈ ವರ್ಷ ಮಳೆ ಶುರುವಾಗುವ ಮುಂಚೆ ಗ್ರೂಪಿನಲ್ಲಿ ಮತ್ತೆ ಮೀನುಮರಿಯ ಮಾತು ಬಂತು. ಬೇಡ ಅಂದೆ. "ಬೆಂಗಳೂರಲ್ಲಿ ಕೂತ್ಕೊಂಡು ಬುದ್ಧಿ ಹೇಳ್ತೀಯ" ಅಂತ ಒಬ್ಬ ಬೈದ. ಅದೂ ಸರಿಯೇ. ಹಾಗಾಗಿ ಜೂನಿನಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಹೋದೆ. ಹತ್ತು ಮೀನು ಏರುವ ರಾತ್ರಿ ಅಪ್ಪನ ಜೊತೆ ಹಳ್ಳದ ಬದಿಗೆ ನಿಂತೆ. ಕತ್ತಿ ಒಯ್ಯಲಿಲ್ಲ, ಟಾರ್ಚು ಮತ್ತು ನೋಟ್‌ಬುಕ್ ಮಾತ್ರ. ಅಪ್ಪ ಒಂದೊಂದೇ ಹೆಸರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಒಂದು ಮೀನಿಗೆ ಮಾತ್ರ ಟಾರ್ಚು ಹಿಡಿದು ತುಂಬ ಹೊತ್ತು ನೋಡಿದರು.

"ಇದು ನಂಗೆ ಗೊತ್ತಿಲ್ಲ. ನಿಮ್ಮದೇ ಇರ್ಬೇಕು" ಅಂದರು.

ಅದನ್ನೂ ಬರೆದುಕೊಂಡೆ.